ದುರ್ಗಕ್ಕ ಕಟ್ಟಿದ ಕರಡಿ

ಪಾಪಿನಾಯಕನಹಳ್ಳಿ ದಾಟಿ ತೋರಣಗಲ್ಲಿನ ಕಡೆ ಹೊರಟರೆ, ರಸ್ತೆಯ ಎಡಕ್ಕೆ ಒಂದು ಕಾಲದಲ್ಲಿ ಮನೆಗಿಂತ ಎತ್ತರದ ಸಿಮೆಂಟ್ ಕರಡಿ ನಿಂತಿತ್ತು. ಹತ್ತಿರದ ಕರಡಿಧಾಮದಲ್ಲಿ ಕರಡಿ ಕಾಣದೆ ವಾಪಸಾದ ಪ್ರವಾಸಿಗರು ಇಲ್ಲಿ ಇಳಿದು, ಅದರ ಪಾದದ ಮೇಲೆ ಮಕ್ಕಳನ್ನು ಕೂರಿಸಿ ಫೋಟೊ ತೆಗೆಯುತ್ತಿದ್ದರು.

ಅದನ್ನು ಕಟ್ಟಿದವಳು ಪಕ್ಕದ ಚಹಾದಂಗಡಿಯ ದುರ್ಗಕ್ಕ. ಅಂಗಡಿ ಇಡುವ ಮೊದಲು ಅವಳು ಹೊಸಪೇಟೆಯಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದಳು. ಹೆಂಗಸರ ತಲೆಗೆ ಗಾರೆ ಹೊರುವ ಬಾಂಡ್ಲಿ, ಗಂಡಸರ ಕೈಗೆ ಗೋಡೆ ಕಟ್ಟುವ ಕರಣಿ. ತನಗೂ ಗೋಡೆ ಕಟ್ಟಲು ಕೊಡಿ ಎಂದು ಒಮ್ಮೆ ಕೇಳಿದ್ದಕ್ಕೆ ಮೇಸ್ತ್ರಿ ಅಂಜಿನಯ್ಯ ಎಲ್ಲರೆದುರು ನಕ್ಕುಬಿಟ್ಟ.

"ನೀ ಕಟ್ಟಿದ ಗ್ವಾಡಿ ಮೊದಲ ಮಳಿಗೇ ಮಲಗತೈತಿ, ಬಿಡಬೇ."

ಆ ಮಾತು ಅವಳಿಗೆ ನಾಟಿತು. ಅಂಗಡಿ ಇಟ್ಟ ಮೇಲೆ ಕರಡಿ ಕಟ್ಟಲೆಂದು ಗುಜರಿಯಿಂದ ಕಬ್ಬಿಣದ ಸರಳು ತಂದು ಬಿಗಿದಳು, ಜಾಲರಿ ಸುತ್ತಿದಳು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಏಣಿ ಹತ್ತಿ ಸಿಮೆಂಟ್ ಮೆತ್ತಿದಳು. ಮೊದಲ ಸಲ ಮೂತಿ ಹಂದಿಯದ್ದರಂತಾಯಿತು; ಒಡೆದು ಮತ್ತೆ ಮಾಡಿದಳು. ಎಷ್ಟೋ ಮಳೆಗಾಲ ಕಳೆದರೂ ಕರಡಿಯಲ್ಲಿ ಒಂದು ಬಿರುಕೂ ಬೀಳಲಿಲ್ಲ.

ಕೊನೆಗೆ ರಸ್ತೆ ಅಗಲ ಮಾಡುವಾಗ ಆ ಜಾಗ ಹೋಯಿತು. ಜೆಸಿಬಿ ಬಂದ ದಿನ ದುರ್ಗಕ್ಕ ಅಡ್ಡ ನಿಲ್ಲಲಿಲ್ಲ. ಒಲೆ ಆರಿಸಿ, ಎದುರಿನ ಕಲ್ಲಿನ ಮೇಲೆ ಸುಮ್ಮನೆ ಕುಳಿತಳು. ಮೊದಲ ಪೆಟ್ಟಿಗೆ ಬರೀ ಬಣ್ಣ ಉದುರಿತು. ಎರಡನೆಯದಕ್ಕೂ ಅಷ್ಟೇ. ನೋಡಲು ಜನ ಸೇರಿದರು. ಅದೇ ರಸ್ತೆಯ ಚರಂಡಿ ಕೆಲಸ ಹಿಡಿದಿದ್ದ ಅಂಜಿನಯ್ಯನೂ ಬಂದು ನಿಂತ. ಕರಡಿ ನೆಲಕ್ಕೊರಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಅಂಜಿನಯ್ಯ ಬಾಗಿ ಒಂದು ತುಂಡೆತ್ತಿ ಸುತ್ತಿಗೆಯಿಂದ ಬಡಿದ. ಒಡೆಯಲಿಲ್ಲ.

"ಯಾರ ಕೈಲಿ ಕಟ್ಟಿಸಿದ್ದಿ ಇದನ್ನ?"

"ನಾನೇ ಕಟ್ಟಿದ್ದು, ಮೇಸ್ತ್ರಿ. ಮತ್ತ್ಯಾರೂ ಕೈ ಹಚ್ಚಿಲ್ಲ."

ಅವನು ತುಂಡನ್ನು ಕೆಳಗಿಟ್ಟ. "ಅವತ್ತು ನಾ ನಕ್ಕಿದ್ದು ತಪ್ಪಾತು. ನಾಳಿಂದ ಕೆಲಸಕ್ಕ ಬರ್ತಿಯೇನು?"

"ಬಾಂಡ್ಲಿ ಹೊರಾಕ?"

"ಅಲ್ಲಬೇ, ಗ್ವಾಡಿ ಕಟ್ಟಾಕ."

ಬೆಳಗಿನಿಂದ ತಡೆದುಕೊಂಡಿದ್ದ ಅಳು ಆಗ ಬಂತು. ಕರಡಿಗಾಗಿಯೋ ಆ ಮಾತಿಗಾಗಿಯೋ ಅವಳಿಗೇ ತಿಳಿಯಲಿಲ್ಲ.

ಈಗ ದುರ್ಗಕ್ಕನೇ ಮೇಸ್ತ್ರಿ. ಅವಳ ತಂಡದಲ್ಲಿ ಗೋಡೆ ಎಬ್ಬಿಸುವವರೆಲ್ಲ ಹೆಂಗಸರೇ. ಸಂಡೂರಿನಿಂದ ಕಂಪ್ಲಿಯವರೆಗೆ ಅವರು ಕಟ್ಟಿದ ಮನೆಗಳಿವೆ. ಮೊನ್ನೆ ಕಂಪ್ಲಿಯ ಅಕ್ಕಿ ಗಿರಣಿಯ ಕೊಟ್ರಯ್ಯನವರು, ಹೊಸ ಮನೆಯ ಗೇಟಿಗೆ ಎರಡು ಸಿಂಹ ಮಾಡಿಕೊಡು ಎಂದು ಹಟ ಹಿಡಿದರು.

"ಮಾಡೋಣಂತ್ರಿ ಸಾವ್ಕಾರ," ಎಂದಳು ದುರ್ಗಕ್ಕ, ಪಾಯದೊಳಗೆ ಇಳಿಯುತ್ತ. "ಮೊದಲು ನಿಮ್ಮ ಬಚ್ಚಲದ ನೀರು ಹೊರಗ ಹರಿಯೋ ಹಂಗ ಮಾಡ್ತೀನಿ, ತಡೀರಿ."