ಕಿವಿಯಲ್ಲಿ ಹೇಳಿದ ಹೆಸರು

ಮಗಳಿಗೆ ಹೆಸರಿಡುವ ಶಾಸ್ತ್ರಕ್ಕೆ ನಾಲ್ಕು ದಿನ ಇರುವಾಗ ನಾನೊಂದು ದಡ್ಡ ಕೆಲಸ ಮಾಡಿದೆ. ಮನೆಯವರ ವಾಟ್ಸಾಪ್ ಗುಂಪಿಗೆ ನಾನು ಆರಿಸಿದ ಹೆಸರು ಹಾಕಿ, ಹೇಗಿದೆ ಹೇಳಿ ಎಂದೆ. ಕೋಲು ಕೊಟ್ಟು ಹೊಡೆಸಿಕೊಂಡ ಹಾಗಾಯಿತು. ಕೆ.ಆರ್. ಪೇಟೆಯ ಚಿಕ್ಕಮಾವ, ‘ಕೆಮ್ಮಿನ ಔಸ್ದಿ ಹೆಸ್ರಂಗೈತಲ್ಲವ್ವಾ’ ಎಂದರು. ನಾಗಮಂಗಲದ ಓರಗಿತ್ತಿ ನಗುವ ಮುಖಗಳ ಸಾಲನ್ನೇ ಕಳಿಸಿದಳು. ಬೂಕನಕೆರೆಗೆ ಕೊಟ್ಟಿರುವ ನನ್ನ ಗಂಡನ ಅಕ್ಕ ಫೋನನ್ನೇ ಮಾಡಿದಳು: ‘ಕಿವೀಲಿ ಹೆಸ್ರು ಹೇಳೋಳು ಸೋದರತ್ತೆ, ಅಂದ್ರೆ ನಾನು ಕಣೆ. ನನ್ ನಾಲ್ಗೆ ಮ್ಯಾಲೆ ಅದು ಹೊರಳಾಕಿಲ್ಲ.’ ಮೈಯೆಲ್ಲ ಉರಿದುಹೋಯಿತು. ಇವರ ಮಕ್ಕಳ ಹೆಸರನ್ನು ನಾನೆಂದಾದರೂ ಆಡಿಕೊಂಡಿದ್ದೆನೇ?

ಆ ಉರಿ ಹೇಗೋ ತಣ್ಣಗಾಗುತ್ತಿತ್ತು. ಅತ್ತೆಯ ಮಾತು ಮಾತ್ರ ಹೊಟ್ಟೆಯೊಳಗೆ ಇಳಿದು ಕೂತಿತು. ಚಿನಕುರಳಿ ಹತ್ತಿರದ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ, ತಲೆಯೆತ್ತದೆ ಕೇಳಿದರು: ‘ಅದು ಹೋದ ಕೂಸಿಗೆ ಅಂತ ಇಟ್ಕೊಂಡಿದ್ದ ಹೆಸ್ರಲ್ವಾ? ಅದ್ನೇ ಇದ್ರ ಮ್ಯಾಲೆ ಹಾಕ್ತೀಯಾ? ಕರುದ್ರೆ ಯಾವ್ದು ಓ ಅನ್ಬೇಕು?’

ನಿಜ. ಅದಕ್ಕೂ ಎರಡು ವರ್ಷ ಮೊದಲು ನಮ್ಮ ಮೊದಲ ಮಗು ಹುಟ್ಟಿದ ದಿನವೇ ಹೋಯಿತು. ಗದ್ದೆಯ ಬದುವಿನಲ್ಲಿ ಮಣ್ಣು ಮಾಡಿದರು. ಬಸುರಿಯಾಗಿದ್ದಾಗ ಹೊಟ್ಟೆ ಸವರಿಕೊಂಡು ನಾನು ಕರೆಯುತ್ತಿದ್ದ ಹೆಸರು ನನ್ನ ಬಾಯಲ್ಲೇ ಉಳಿಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲು ಈಗ ಭಯ.

ಅತ್ತೆಯ ಹತ್ತಿರ ಒಂದು ಹಳೆಯ ಉಪಾಯವಿತ್ತು. ಕೂಸು ಹೋದ ಮನೆಯಲ್ಲಿ ಮುಂದೆ ಹುಟ್ಟಿದ್ದನ್ನು ಮೊರದಲ್ಲಿಟ್ಟು, ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ, ತಿಪ್ಪಮ್ಮ ಎಂದು ಕರೆದು ಎತ್ತಿಕೊಳ್ಳಬೇಕು. ಯಾರಿಗೂ ಬೇಡದ್ದು ಎಂದು ಸಾವೂ ಅದನ್ನು ಮುಟ್ಟುವುದಿಲ್ಲವಂತೆ. ‘ನನ್ ಮಗಳು ಕಸ ಅಲ್ಲ’ ಎಂದು ಕೂಗಾಡಿಬಿಟ್ಟೆ. ಕೂಗಾಡಿದ್ದೇನೋ ಸರಿ, ಆಮೇಲೆ ಊಟಕ್ಕೆ ಕೂತವಳು ಅನ್ನ ಕಲಸಿದ ಕೈಯಲ್ಲೇ ಎದ್ದು ಹೋಗಿ, ಎಡಗೈ ಬೆರಳನ್ನು ಮಗುವಿನ ಮೂಗಿನ ಕೆಳಗೆ ಹಿಡಿದು ನೋಡುತ್ತಿದ್ದೆ. ನನ್ನ ಹಾಳು ಹಠಕ್ಕೆ ಇದೂ ಹೋದರೆ?

ಹನ್ನೆರಡನೆಯ ದಿನ ಶಾಸ್ತ್ರ ನಡೆಯಿತು. ಹೆಸರನ್ನು ಗಟ್ಟಿಯಾಗಿ ಕೂಗುವುದು ಬೇಡ, ದೃಷ್ಟಿಯಾಗುತ್ತದೆ ಎಂದು ಅತ್ತೆ ಮೊದಲೇ ತಡೆದಿದ್ದರು. ಗಂಡನ ಅಕ್ಕ ತೊಟ್ಟಿಲಿಗೆ ಬಾಗಿ, ಸೆರಗು ಮರೆಮಾಡಿ, ಮಗುವಿನ ಕಿವಿಯಲ್ಲಿ ಮೂರು ಸಲ ಏನೋ ಹೇಳಿದಳು. ಏನು ಹೇಳಿದೆ ಎಂದು ನಾನು ಕೇಳಿದರೆ, ‘ಕಿವೀಲಿ ಹೇಳಿದ್ದು ಕಿವೀಲೇ ಇರ್ಲಿ ಬುಡು’ ಎಂದು ಮುಖ ತಿರುಗಿಸಿದಳು. ತಿಪ್ಪಮ್ಮ ಎಂದೇ ಹೇಳಿದ್ದಾಳೆ ಎಂದುಕೊಂಡು ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.

ಮೂರನೆಯ ದಿನ ಮಗುವಿನ ಮೈ ಕೆಂಡ. ಎದೆಗೆ ಬಾಯಿಯನ್ನೇ ಹಾಕಲಿಲ್ಲ. ಗಂಡ ಆಟೋ ತಂದರು. ಅತ್ತೆ ಒಂದು ಪಕ್ಕ, ಶಾಸ್ತ್ರಕ್ಕೆ ಬಂದು ಉಳಿದಿದ್ದ ಗಂಡನ ಅಕ್ಕ ಒಂದು ಪಕ್ಕ ಕೂತರು. ಪಾಂಡವಪುರ ಬರುವವರೆಗೆ ನಾನು ಮಗುವಿನ ಮೂಗಿನ ಕೆಳಗಿಂದ ಬೆರಳು ತೆಗೆಯಲಿಲ್ಲ. ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಹೆಂಗಸು ಕೇಳಿದಳು: ‘ಮಗೀನ ಹೆಸ್ರೇನು?’

ಬಾಯಿ ತೆರೆದೆ. ನನ್ನ ಮುದ್ದಿನ ಹೆಸರು ಬರಲಿಲ್ಲ. ಆ ಹೆಸರಿನ ಒಂದು ಕೂಸು ಆಗಲೇ ಮಣ್ಣಿನೊಳಗಿತ್ತು.

‘ತಿಪ್ಪಮ್ಮ’ ಎಂದೆ.

ಅಕ್ಕ ಗೋಡೆಗೊರಗಿ ಗೊಳೋ ಎಂದು ಅಳತೊಡಗಿದಳು. ‘ಅಯ್ಯೋ, ನಾನು ನೀನ್ ಆರ್ಸಿದ್ ಹೆಸ್ರನ್ನೇ ಹೇಳ್ಬುಟ್ಟೆ ಕಣೆ. ನಿನ್ ಮಕ ನೋಡಕಾಗ್ದೆ ಅದ್ನೇ ಹೇಳ್ದೆ. ನನ್ನಿಂದ್ಲೇ ಇಂಗಾಯ್ತು.’

ಆ ಹೆಸರಿಗಾಗಿ ಎಲ್ಲರೊಡನೆ ಜಗಳ ಕಾದವಳು ನಾನು. ಈಗ ಒಂದು ಕೈಯಲ್ಲಿ ಅವಳ ರಟ್ಟೆ ಹಿಡಿದು ಅಲ್ಲಾಡಿಸುತ್ತಾ, ‘ಯಾಕಕ್ಕ ಹೇಳ್ದೆ? ಯಾಕೆ ಹೇಳ್ದೆ?’ ಎಂದು ಕಿರುಚಿದೆ. ಅತ್ತೆ ಮಗುವನ್ನು ನನ್ನ ಕೈಯಿಂದ ಕಸಿದುಕೊಂಡು ಡಾಕ್ಟರ ಕೋಣೆಗೆ ನುಗ್ಗಿದರು.

ಐದು ದಿನಕ್ಕೆ ಜ್ವರ ಇಳಿಯಿತು. ಯಾವ ಹೆಸರಿಗೆ ಇಳಿಯಿತು ಎಂದು ನಾವು ಮೂವರೂ ಇವತ್ತಿನವರೆಗೆ ಬಾಯಿಬಿಟ್ಟು ಆಡಿಲ್ಲ. ಮಗಳು ಈಗ ಹಿಡಿಯಲು ಸಿಗದಂತೆ ಓಡುತ್ತಾಳೆ. ಮನೆಯಲ್ಲಿ ಎಲ್ಲರೂ ಪುಟ್ಟಿ ಎನ್ನುತ್ತಾರೆ. ಜನನ ಪತ್ರದಲ್ಲಿ ಹೆಸರಿನ ಜಾಗ ಖಾಲಿಯೇ ಇದೆ. ಜೂನ್‌ನಲ್ಲಿ ಶಾಲೆಗೆ ಸೇರಿಸಬೇಕು, ಅದಕ್ಕೂ ಮೊದಲು ಹೆಸರು ಬರೆಸಬೇಕು. ಏನೆಂದು ಬರೆಸಲಿ ಎಂದು ಗಂಡ ದಿನಾ ಕೇಳುತ್ತಾರೆ. ನಾಳೆ ಹೇಳ್ತೀನಿ ಎನ್ನುತ್ತೇನೆ.