ಅಮ್ಮ ಹಾಕುತ್ತಿದ್ದ ಬಲಭಾಗ

ತ್ಯಾಗರಾಜನಗರದ ನಮ್ಮ ಮನೆ ಬಾಗಿಲಲ್ಲಿ ಅರ್ಧ ರಂಗೋಲಿ ಹಾಕಿ, ಒಳಗೆ ಹೋಗಿ ಹಾಲು ಕಾಯಿಸಿ ಬರುವಷ್ಟರಲ್ಲಿ ಇನ್ನರ್ಧ ತಾನಾಗಿ ಮೂಡಿತ್ತು! ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಮೈ ಜುಂ ಎಂದಿತು. ಅದು ನಮ್ಮಮ್ಮನ ರಂಗೋಲಿ. ನಾನು ಚಿಕ್ಕವಳಿದ್ದಾಗ ಎಡಭಾಗ ನನ್ನ ಕೈಲಿ ಹಾಕಿಸಿ, ಬಲಭಾಗ ತಾನೇ ಕೈಬಳೆ ಸದ್ದು ಮಾಡುತ್ತಾ ಹಾಕುತ್ತಿದ್ದಳು. ಅವಳು ಹೋದ ಮೇಲೆ ಆ ಬಲಭಾಗ ನನ್ನ ಕೈಗೆ ಬರಲೇ ಇಲ್ಲ. ಎಷ್ಟೋ ಸಲ ಅರ್ಧ ಹಾಕಿ, ಸೋತು ಅಳಿಸಿದ್ದೇನೆ.

"ಅಮ್ಮಾ, ಬಂದ್ಯಾ?" ಅಂದುಬಿಟ್ಟೆ.

ಬಾಗಿಲ ಹಿಂದಿನಿಂದ ಏಳು ವರ್ಷದ ಮೊಮ್ಮಗಳು ಕನ್ನಡಿ ಹಿಡಿದು ಬಂದಳು. ಬೆರಳೆಲ್ಲ ರಂಗೋಲಿ ಪುಡಿ. "ಅಜ್ಜಿ, ನಿನ್ ಅರ್ಧದ ಪಕ್ಕ ಕನ್ನಡಿ ಇಟ್ಟೆ, ಇನ್ನರ್ಧ ಅದ್ರೊಳಗೇ ಇತ್ತು! ಅದನ್ನ ನೋಡ್ಕೊಂಡು ಹಾಕ್ದೆ. ನೆನ್ನೆ ಅಮ್ಮ ಇದೇ ಪಾಠ ಹೇಳ್ಕೊಟ್ಟಿದ್ದು."

ಇವಳನ್ನು ಶಾಲೆಗೆ ಹಾಕದೆ ಮನೆಯಲ್ಲೇ ಓದಿಸುತ್ತೇನೆ ಎಂದ ಸೊಸೆಯ ಜೊತೆ ಜಗಳವಾಡಿದವಳು ನಾನೇ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಏನು ಗೊತ್ತು!

ಈಗ ಬೀದಿಯ ಮಕ್ಕಳೆಲ್ಲ ಸ್ಕೂಲ್ ವ್ಯಾನ್ ಹತ್ತುವ ಹೊತ್ತಿಗೆ ನಮ್ಮ ಬಾಗಿಲಲ್ಲಿ ಎಡಕ್ಕೆ ನಾನು, ಬಲಕ್ಕೆ ಅವಳು. ಒಮ್ಮೊಮ್ಮೆ ಅವಳ ಕಡೆಯಿಂದ ಬಳೆ ಸದ್ದು ಕೇಳಿಸುತ್ತದೆ. ನಮ್ಮ ಹುಡುಗಿ ಬಳೆ ಹಾಕುವುದೇ ಇಲ್ಲ. ನನಗೆ ಹೆದರಿಕೆಯ ಬದಲು ಕುಣಿಯುವಷ್ಟು ಖುಷಿಯಾಗುತ್ತದೆ.