ಟ್ರಾಂ ದಿಬ್ಬದ ಹೆಜ್ಜೆ

ಬೇರೆಲ್ಲ ಕಡೆ ಚಿಕ್ಕಬೀರಪ್ಪ ಎಲ್ಲರ ಹಾಗೆಯೇ ನಡೆಯುತ್ತಿದ್ದ. ಟ್ರಾಂ ದಿಬ್ಬ ಹತ್ತಿದರೆ ಮಾತ್ರ ಅವನ ಹೆಜ್ಜೆ ಗಿಡ್ಡವಾಗಿ, ಅಳೆದಿಟ್ಟಂತೆ ಬೀಳುತ್ತಿತ್ತು. ಹದಿನೆಂಟರ ಪ್ರಾಯದಲ್ಲಿ ತರೀಕೆರೆಯ ಹಳೆಯ ಟ್ರಾಂ ರೈಲಿಗೆ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿ ಸೇರಿ, ಹಳಿಯ ಅಡಿಯ ಮರದ ಪಟ್ಟಿಗಳ ಮೇಲೆ ವರ್ಷಗಟ್ಟಲೆ ನಡೆದ ಕಾಲು ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ಟ್ರಾಂ ನಿಂತಿತು. ಹಳಿ, ಪಟ್ಟಿ ಎಲ್ಲವನ್ನೂ ಕಿತ್ತುಕೊಂಡು ಹೋದರು. ಮಣ್ಣಿನ ದಿಬ್ಬ ಉಳಿಯಿತು, ಕಾಲಿನ ಅಭ್ಯಾಸ ಉಳಿಯಿತು.

ದಿಬ್ಬದ ಮೇಲೆ ಅವನ ತಂಗಿ ಪಾಪಮ್ಮನ ಮನೆ. ಗಂಡ ತೀರಿಕೊಂಡು ನೆಲೆಯಿಲ್ಲದೆ ಬಂದವಳಿಗೆ, "ಇಲ್ಲಿ ಕಟ್ಕೋ, ನೀರು ನಿಲ್ಲಲ್ಲ, ನಾನೇ ಬಡಿದು ಗಟ್ಟಿ ಮಾಡಿದ ಮಣ್ಣು" ಎಂದವನು ಅವನೇ. ಅವಳನ್ನು ನೋಡಿ ಇನ್ನೂ ಆರು ಮನೆಗಳೆದ್ದವು. ಅಣ್ಣನ ಹೆಜ್ಜೆ ಕೇಳಿದರೆ ಸಾಕು, ಪಾಪಮ್ಮ ಒಳಗಿನಿಂದಲೇ "ಟ್ರಾಂ ಬಂತು ಕಣ್ರೇ" ಎಂದು ಪಕ್ಕದ ಮನೆಯವರಿಗೆ ಕೂಗಿ ನಗುತ್ತಿದ್ದಳು.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಹೊಸ ಟ್ರಾಂ ಬರುತ್ತದೆಂಬ ಸುದ್ದಿ ಹಬ್ಬಿತು. ರೈಲ್ವೆ ಸ್ಟೇಷನ್ನಿಂದ ಪೇಟೆ ದಾಟಿ ಬೆಟ್ಟದ ಬುಡದವರೆಗೆ. ಇಂಜಿನಿಯರ್ ಗಂಗಾಧರಯ್ಯನವರು ಶಾಲೆಯಲ್ಲಿ ಸಭೆ ಕರೆದರು. "ಜನರನ್ನು ಕೇಳದೆ ಗೆರೆ ಎಳೆಯೋದಿಲ್ಲ" ಎಂದು ಜನರ ಅಭಿಪ್ರಾಯ ಬರೆದುಕೊಳ್ಳುವ ದಪ್ಪ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟರು.

"ಟ್ರಾಂ ಬೇಕೇ ಬೇಕು ಸ್ವಾಮಿ," ಎಂದರು ಅಡಿಕೆ ಮಂಡಿಯ ದೇವೀರಪ್ಪನವರು.

"ಬೇಕು ಬೇಕು! ಸ್ಟಾಪು ಅವರ ಮಂಡಿ ಮುಂದೆ, ಹಳಿ ಪಕ್ಕದೋರ ಮನೆ ಮೇಲೆ" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆಯೆಲ್ಲ ನಕ್ಕಿತು.

ಇಂಜಿನಿಯರ್ ನಗಲಿಲ್ಲ. ಹಳೆಯ ನಕ್ಷೆ ಗೆದ್ದಲು ಹಿಡಿದು ಹೋಗಿತ್ತು. ಹಳೆಯ ದಾರಿಯಲ್ಲೇ ಹಳಿ ಹಾಕಿದರೆ ಕೆಲಸ ಬೇಗ. ಆ ದಾರಿಯನ್ನು ತೋರಿಸುವವರು ಯಾರು? ದಿಬ್ಬದ ಹೆಸರನ್ನು ಯಾರೂ ಬಾಯಿಗೆ ತರಲಿಲ್ಲ, ಅಲ್ಲಿ ಏಳು ಮನೆಗಳಿದ್ದವು. ಎಲ್ಲರ ಕಣ್ಣೂ ಚಿಕ್ಕಬೀರಪ್ಪನ ಮೇಲೆ ಬಿತ್ತು.

ಅಂದು ಸಂಜೆ ದಿಬ್ಬದ ಏಳು ಮನೆಯವರೂ ಪಾಪಮ್ಮನ ಜಗುಲಿಯಲ್ಲಿ ಸೇರಿದರು.

"ಕೆರೆ ಕೆಳಗಿನ ಜೌಗಲ್ಲಿ ಹೋಗ್ತಿತ್ತು ಅಂದ್ಬಿಡಣ್ಣ," ಎಂದಳು ಪಾಪಮ್ಮ. "ಮೊದ್ಲು ಅಲ್ಲೇ ಹಾಕಿದ್ರು ಅಂತ ನೀನೇ ಹೇಳ್ತಿದ್ದೆಯಲ್ಲ. ಸುಳ್ಳು ಹೇಗಾಯ್ತು?"

ಅದು ನಿಜವೇ. ಮೊದಲು ಜೌಗಿನಲ್ಲೇ ಹಳಿ ಹಾಕಿದ್ದರು. ಒಂದು ಮಳೆಗಾಲದಲ್ಲಿ ನೆಲ ಕುಸಿದು ಗ್ಯಾಂಗಿನ ತಳ್ಳುಗಾಡಿ ಮಗುಚಿತು. ಜೊತೆಗಾರ ಬೀರಯ್ಯ ಅದರ ಅಡಿ ಸತ್ತ. ಆಮೇಲೆಯೇ ಈ ದಿಬ್ಬ ಕಟ್ಟಿದ್ದು.

ಮರುದಿನ ಬೆಳಿಗ್ಗೆ ಇಂಜಿನಿಯರ್ ಹಿಂದೆ ಅರ್ಧ ಊರೇ ನಡೆಯಿತು. ಚಿಕ್ಕಬೀರಪ್ಪ ಎಲ್ಲರನ್ನೂ ಜೌಗಿಗೆ ಕರೆದೊಯ್ದು, "ಇಲ್ಲೇ ಬುದ್ಧಿ" ಎಂದ. ಕೆಂಪು ಬಣ್ಣದ ಗೂಟಗಳನ್ನು ಹೊಡೆದರು. ಮೂರನೆಯದು ಎರಡು ಪೆಟ್ಟಿಗೇ ಮೊಳದಷ್ಟು ಇಳಿದುಹೋಯಿತು. ದೇವೀರಪ್ಪನವರು, "ಮಣ್ಣು ಮೆತ್ತಗಿದ್ರೆ ಕೆಲ್ಸ ಸಲೀಸು" ಎಂದರು. ಬೀರಯ್ಯನನ್ನು ಹೊರತೆಗೆದದ್ದು ಅಲ್ಲಿಂದ ಇಪ್ಪತ್ತು ಮಾರಿನೊಳಗೆ.

ಪೇಟೆಗೆ ಮರಳಲು ಎಲ್ಲರೂ ದಿಬ್ಬ ಹತ್ತಿದರು. ಗಂಗಾಧರಯ್ಯನವರು ಸ್ವಲ್ಪ ದೂರ ನಡೆದು ನಿಂತರು.

"ಏನಜ್ಜ, ಕೆಳಗೆ ಹೇಗ್ಹೇಗೋ ಕಾಲು ಹಾಕ್ತಿದ್ರಿ. ಇಲ್ಲಿ ಹೆಜ್ಜೆ ಎಣಿಸ್ತಾ ಇದ್ದೀರಲ್ಲ?"

ಚಿಕ್ಕಬೀರಪ್ಪ ತನ್ನ ಕಾಲನ್ನು ನೋಡಿಕೊಂಡ. ಪಾಪಮ್ಮ ಬಾಗಿಲಲ್ಲಿ ನಿಂತಿದ್ದಳು. ಕಾಲುನೋವು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಗೂಟ ಇಳಿದ ಬಗೆ ಅವನ ಕಣ್ಣ ಮುಂದೆಯೇ ಇತ್ತು. ಅದರ ಮೇಲೆ ಟ್ರಾಂ, ಟ್ರಾಮಿನ ತುಂಬ ಜನ.

"ಇದೇ ದಾರಿ ಬುದ್ಧಿ," ಎಂದ. "ಜೌಗಲ್ಲಿ ಹಾಕ್ಬೇಡಿ, ಅದು ಆಳನ್ನ ತಿಂದ ನೆಲ. ಈ ಮನೆಗಳನ್ನ ಕಟ್ಟಿ ಅಂದೋನೂ ನಾನೇ. ತಪ್ಪು ನಂದು, ಇವ್ರದಲ್ಲ. ಹಂಗಂತ ಪುಸ್ತಕದಲ್ಲಿ ಬರ್ಕೊಳಿ."

ಇಂಜಿನಿಯರ್ ಪುಸ್ತಕ ತಿರುವಿ, ಬೇಸರದಿಂದಲೇ ಹೇಳಿದರು: "ಇದರಲ್ಲಿ ಬೇಕು, ಬೇಡ ಅಂತ ಎರಡೇ ಕಾಲಂ ಇರೋದು ಅಜ್ಜ."

ಗೂಟಗಳು ಜೌಗಿನಿಂದೆದ್ದು ದಿಬ್ಬಕ್ಕೆ ಬಂದವು. ಒಂದು ಪಾಪಮ್ಮನ ಹೊಸ್ತಿಲಿನ ಮುಂದೆಯೇ ಕೂತಿತು. ಅವಳು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಟ್ರಾಂ ಬರಲಿಲ್ಲ. ಆ ವರ್ಷವೂ ಇಲ್ಲ, ಮರುವರ್ಷವೂ ಇಲ್ಲ. ಇಂಜಿನಿಯರರಿಗೆ ವರ್ಗವಾಯಿತು. ಪುಸ್ತಕ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಬರುವುದಿಲ್ಲವೆಂದು ಹೇಳುವವರೂ ಇರಲಿಲ್ಲ, ಹಾಗಾಗಿ ಗೂಟ ಕೀಳುವ ಧೈರ್ಯ ಯಾರಿಗೂ ಆಗಲಿಲ್ಲ. ಏಳು ಮನೆಯವರೂ ಗೋಡೆಗೆ ಸುಣ್ಣ ಬಳಿಯುವುದನ್ನೇ ಬಿಟ್ಟರು. ಇವತ್ತೋ ನಾಳೆಯೋ ಬೀಳಿಸುವ ಮನೆಗೆ ಸುಣ್ಣವೇಕೆ? ಚಿಕ್ಕಬೀರಪ್ಪ ದಿಬ್ಬ ಬಿಟ್ಟು, ಪೇಟೆಗೆ ಹೋಗಲು ಕೆಳಗಿನ ಜೌಗಿನ ದಾರಿ ಹಿಡಿದ.

ಎಂಬತ್ತನಾಲ್ಕರ ಮೊದಲ ಮಳೆಗೆ ತಂಗಿಯ ಮಾಡು ಸೋರಿ ಅಕ್ಕಿ ಮೂಟೆ ನೆಂದ ಸುದ್ದಿ ಅವನ ಕಿವಿಗೆ ಬಿತ್ತು. ಹೆಂಚುಗಳನ್ನು ಹೆಗಲ ಮೇಲೆ ಹೊತ್ತು ದಿಬ್ಬ ಹತ್ತಿದ. ವಯಸ್ಸು ಎಪ್ಪತ್ತೆರಡಾಗಿದ್ದರೂ ಹೆಜ್ಜೆ ಅದೇ. ಒಳಗಿನಿಂದ ಯಾರೂ ಕೂಗಲಿಲ್ಲ.

ಅವನು ಏಣಿ ಇಟ್ಟು ಹತ್ತಿ ಕುಳಿತ ಮೇಲೆ ಪಾಪಮ್ಮ ಹೊರಗೆ ಬಂದಳು.

"ಗೂಟ ಹಂಗೇ ಐತಲ್ಲ," ಎಂದಳು. ಐದು ವರ್ಷಗಳಲ್ಲಿ ಅದೇ ಮೊದಲ ಮಾತು.

"ಐತೆ ಕಣವ್ವ."

ಅವಳು ಬಗ್ಗಿ ಒಂದು ಹೆಂಚನ್ನೆತ್ತಿ, ಅವನ ಮುಖ ನೋಡದೆ ಮೇಲಕ್ಕೆ ಚಾಚಿದಳು.